ಸುಣ್ಣ ಬಳಿದ ಗಡಿಗೆ

ನಾನು ಮಾಡಿದ ಮೊದಲ ಬಿಯರು ಒಗರಾಗಿತ್ತು. ಬಿಯರು ಕಹಿಯಾಗಿರುತ್ತದೆ ಎಂಬುದು ಗೊತ್ತಿತ್ತು. ಹುಳಿ ಬಂದರೆ ಕೆಟ್ಟಿತು ಎಂದು ತಿಳಿಯಬೇಕು ಎಂಬುದೂ ಗೊತ್ತಿತ್ತು. ಇದು ಎರಡೂ ಅಲ್ಲ. ಪೂರ್ತಿ ಹಣ್ಣಾಗದ ಗೇರುಹಣ್ಣನ್ನು ಕಚ್ಚಿದರೆ ನಾಲಿಗೆ ದಪ್ಪಗಾಗಿ ಗಂಟಲು ಹಿಡಿದುಕೊಳ್ಳುತ್ತದಲ್ಲ, ಹಾಗೆ. ಮ್ಯೂನಿಕ್ಕಿನ ನಾಲ್ಕನೆಯ ಮಹಡಿಯ ಅಡುಗೆಮನೆಯಲ್ಲಿ ನಿಂತು ಒಂದು ಗುಟುಕು ಕುಡಿದಾಗ ನನಗೆ ನೆನಪಾದದ್ದು ಕುಮಟೆಯ ಏಪ್ರಿಲ್ ತಿಂಗಳ ಗೇರುಬೆಟ್ಟ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಕುಡಿತದ ಮಾತೇ ಬರುವುದಿಲ್ಲ. ಬಂದರೆ ಅಪ್ಪ ಎದ್ದು ಹೊರಗೆ ಹೋಗುತ್ತಾನೆ. ಅಂಥ ಮನೆಯ ಹುಡುಗಿ ಪರದೇಶಕ್ಕೆ ಓದಲು ಹೋಗಿ ಬಿಯರು ಕಾಯಿಸಿದಳು ಎಂಬುದನ್ನು ಬರೆಯಲು ನನಗೆ ಒಂದು ವರ್ಷ ಬೇಕಾಯಿತು. ಈಗ ಬರೆಯುತ್ತಿರುವುದಕ್ಕೆ ಕಾರಣ ಬಿಯರಲ್ಲ, ಸುಣ್ಣ.

ನನ್ನ ಸಂಶೋಧನೆಯ ವಿಷಯ ಉತ್ತರ ಕನ್ನಡದ ಅಬ್ಕಾರಿಯ ಇತಿಹಾಸ. 1862ರಲ್ಲಿ ನಮ್ಮ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1878ರಲ್ಲಿ ಮುಂಬಯಿಯ ಅಬ್ಕಾರಿ ಕಾಯಿದೆ ಬಂತು. ಕಳ್ಳು ಇಳಿಸುವ ಮರಕ್ಕೆ ತೆರಿಗೆ, ಇಳಿಸುವವನಿಗೆ ಪರವಾನಗಿ. 1883ರಲ್ಲಿ ಅಚ್ಚಾದ ಕಾನಡಾ ಜಿಲ್ಲೆಯ ಗ್ಯಾಝೆಟಿಯರಿನಲ್ಲಿ ಹಳೆಪೈಕರು ಎಂಬ ಹೆಸರಿನ ಕೆಳಗೆ ನಮ್ಮ ಜನರ ವಿವರಣೆ ಇದೆ. ಮರ ಹತ್ತಿ ಕಳ್ಳು ಇಳಿಸುವವರು ಎಂದು. ಇಂದು ನಾವು ನಾಮಧಾರಿಗಳು, ಹೆಸರಿನ ಮುಂದೆ ನಾಯ್ಕ. ಕಡತಗಳಲ್ಲಿ ನನಗೆ ಸಿಗುವುದು ಮರಗಳ ಲೆಕ್ಕ, ಹರಾಜಿನ ಲೆಕ್ಕ, ದಂಡದ ಲೆಕ್ಕ. ಕಳ್ಳನ್ನು ಹೇಗೆ ಇಳಿಸುತ್ತಿದ್ದರು ಎಂಬುದು ಒಂದು ಸಾಲಿಗಿಂತ ಹೆಚ್ಚಿಲ್ಲ. ನನ್ನ ಅಜ್ಜ ಆ ಕೆಲಸದಲ್ಲಿ ಮೂವತ್ತು ವರ್ಷ ಇದ್ದವನು. ಅವನನ್ನು ಕೇಳಬೇಕು ಎಂದು ನನಗೆ ಹೊಳೆದದ್ದು ಪಿಎಚ್‌ಡಿಯ ಮೂರನೆಯ ವರ್ಷ. ಅದೂ ಬಿಯರು ಒಗರಾದ ಮೇಲೆ.

ಬಿಯರು ಮಾಡುವ ಹುಚ್ಚು ನನ್ನದಲ್ಲ. ಮನೆ ಹಂಚಿಕೊಂಡಿದ್ದ ಬವೇರಿಯಾದ ಹುಡುಗಿಯದು. ಅವಳ ಊರಿನಲ್ಲಿ ಹಣ್ಣು ಬಾಟಲಿ ಕಟ್ಟಿಡಲು ಪ್ರತಿ ಮನೆಯಲ್ಲೂ 27 ಲೀಟರಿನ ವಿದ್ಯುತ್ ಹಂಡೆ ಇರುತ್ತದಂತೆ. ಅದರಲ್ಲೇ ಅವಳು ಬಿಯರು ಕಾಯಿಸುತ್ತಿದ್ದಳು. ಅಲ್ಲಿ ಮನೆಯ ಮಟ್ಟಿಗೆ, ಮಾರದೆ ಮಾಡಿಕೊಳ್ಳಬಹುದು. ನಮ್ಮ ರಾಜ್ಯದಲ್ಲಿ ಪರವಾನಗಿ ಇಲ್ಲದೆ ಮಾಡುವಂತಿಲ್ಲ. ಅವಳು ಕೆಲಸ ಸಿಕ್ಕಿ ಬೇರೆ ಊರಿಗೆ ಹೊರಟಾಗ ಹಂಡೆಯನ್ನೂ, ಅರ್ಧ ಚೀಲ ಮಾಲ್ಟನ್ನೂ ನನಗೆ ಬಿಟ್ಟು ಹೋದಳು. ಅಬ್ಕಾರಿಯ ಮೇಲೆ ಪುಟಗಟ್ಟಲೆ ಬರೆಯುತ್ತಿರುವವಳಿಗೆ ಹುದುಗು ಎಂದರೇನು ಎಂದು ಕಣ್ಣಾರೆ ಕಾಣುವ ಆಸೆಯಾಯಿತು. ಅಷ್ಟೇ.

ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಕನ್ನಡದ ತಾಯಂದಿರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಮಗುವಿಗೆ ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹಿಟ್ಟು ಮಾಡಿ ಸರಿ ಕಾಯಿಸುತ್ತಾರೆ. ಮೊಳಕೆ ಬರಿಸದ ಹಿಟ್ಟಿನ ಗಂಜಿ ಗಟ್ಟಿಯಾಗುತ್ತದೆ, ಮೊಳಕೆ ಹಿಟ್ಟಿನದು ತೆಳ್ಳಗೆ ಹರಿಯುತ್ತದೆ, ಸ್ವಲ್ಪ ಸಿಹಿಯೂ ಆಗುತ್ತದೆ. ಮೊಳಕೆಯೊಡೆಯುವಾಗ ಕಾಳಿನಲ್ಲಿ ಹುಟ್ಟುವ ಕಿಣ್ವಗಳು ಪಿಷ್ಟವನ್ನು ತುಂಡರಿಸಿ ಸಕ್ಕರೆ ಮಾಡುತ್ತವೆ. ಬಿಯರಿನಲ್ಲೂ ಅದೇ. ಮೊಳಕೆ ಬಾರ್ಲಿಯ ನುಚ್ಚನ್ನು 66 ಡಿಗ್ರಿ ಆಸುಪಾಸಿನ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಹಾಕಬೇಕು. ಇದಕ್ಕೆ ಮ್ಯಾಶ್ ಎನ್ನುತ್ತಾರೆ. ಬಸಿದ ಸಿಹಿನೀರನ್ನು ಹಾಪ್ಸ್ ಹೂವಿನ ಜೊತೆ ಕುದಿಸಿ, ಆರಿಸಿ, ಯೀಸ್ಟ್ ಹಾಕಿದರೆ ಮುಂದಿನ ಕೆಲಸ ಯೀಸ್ಟಿನದು.

ಎಲ್ಲವನ್ನೂ ಪುಸ್ತಕದಂತೆ ಮಾಡಿದ್ದೆ. ಒಗರು ಎಲ್ಲಿಂದ ಬಂತು? ಫೋನಿನಲ್ಲಿ ಕೇಳಿದರೆ ಆ ಹುಡುಗಿ ನಕ್ಕಳು. ಯಾವ ಬಣ್ಣದ ಮಾಲ್ಟು ಎಂದು ಕೇಳಿದಳು. ತಿಳಿಯದು ಎಂದೆ. ಮ್ಯೂನಿಕ್ಕಿನ ನಲ್ಲಿ ನೀರಿಗೆ ತಿಳಿ ಮಾಲ್ಟು ಹಾಗೇ ಒಗ್ಗುವುದಿಲ್ಲ, ನೀರನ್ನು ಮೊದಲು ಸರಿಮಾಡಬೇಕು ಎಂದಳು.

ಮ್ಯೂನಿಕ್ಕಿಗೆ ನೀರು ಬರುವುದು ಆಲ್ಪ್ಸ್‌ನ ಬುಡದ ಮಾಂಗ್‌ಫಾಲ್ ಮತ್ತು ಲೋಯ್ಸಾಖ್ ಕಣಿವೆಗಳಿಂದ. ಸುಣ್ಣಕಲ್ಲಿನ ನಾಡಿನ ನೀರು. ಚಹಾದ ಪಾತ್ರೆಯ ತಳದಲ್ಲಿ ಎರಡು ವಾರಕ್ಕೆ ಬಿಳಿ ಪದರ ಕೂರುತ್ತದೆ. ಲೀಟರಿಗೆ ಸುಮಾರು 300 ಮಿಲಿಗ್ರಾಂ ಬೈಕಾರ್ಬನೇಟು. ಬೈಕಾರ್ಬನೇಟು ಎಂದರೆ ಆಮ್ಲವನ್ನು ನುಂಗಿಕೊಳ್ಳುವ ವಸ್ತು. ಅಡಿಗೆ ಸೋಡಾ ನೆನಪಿಸಿಕೊಳ್ಳಿ. ಮ್ಯಾಶಿಗೆ ಕೊಂಚ ಹುಳಿ ಬೇಕು. ಪಿಎಚ್ 5.2ರಿಂದ 5.6ರ ನಡುವೆ ಇದ್ದರೆ ಕಿಣ್ವಗಳು ಚೆನ್ನಾಗಿ ದುಡಿಯುತ್ತವೆ. ನೀರಿನಲ್ಲಿರುವ ಕ್ಯಾಲ್ಸಿಯಂ ಮಾಲ್ಟಿನ ಫಾಸ್ಫೇಟಿನ ಜೊತೆ ಸೇರಿ ಹುಳಿಯನ್ನು ಹೆಚ್ಚಿಸುತ್ತದೆ, ಬೈಕಾರ್ಬನೇಟು ಅದನ್ನು ತಗ್ಗಿಸುತ್ತದೆ. ಈ ಎಳೆದಾಟದ ಲೆಕ್ಕವನ್ನು ಪಾಲ್ ಕೋಲ್‌ಬಾಖ್ ಎಂಬ ಜರ್ಮನ್ ವಿಜ್ಞಾನಿ 1953ರಲ್ಲಿ ಒಂದು ಸೂತ್ರಕ್ಕೆ ಇಳಿಸಿದ. ಬೈಕಾರ್ಬನೇಟು ಗೆದ್ದರೆ ಪಿಎಚ್ ಮೇಲೇರಿ ಕಾಳಿನ ಸಿಪ್ಪೆಯ ಟ್ಯಾನಿನ್ ಬಿಸಿನೀರಿಗೆ ಬಿಟ್ಟುಕೊಳ್ಳುತ್ತದೆ. ಅಡಿಕೆಯ ಚೊಗರಿನಲ್ಲಿ, ಗೇರುಹಣ್ಣಿನಲ್ಲಿ, ಹೆಚ್ಚು ಕುದಿಸಿದ ಚಹಾದಲ್ಲಿ ಇರುವ ಅದೇ ಒಗರು.

ಕಪ್ಪಗೆ ಹುರಿದ ಮಾಲ್ಟಿನಲ್ಲಿ ತನ್ನದೇ ಹುಳಿ ಇರುತ್ತದೆ. ಅದು ಬೈಕಾರ್ಬನೇಟಿನ ಸೊಕ್ಕನ್ನು ತಾನೇ ಮುರಿಯುತ್ತದೆ. ಹಾಗಾಗಿ ಗಡಸು ನೀರಿನ ಮ್ಯೂನಿಕ್ಕು, ಡಬ್ಲಿನ್ನುಗಳು ಕಪ್ಪು ಬಿಯರಿಗೆ ಹೆಸರಾದವು. ಮೆದು ನೀರಿನ ಪಿಲ್ಸೆನ್ನಿನಲ್ಲಿ 1842ರಲ್ಲಿ ಹೊಂಬಣ್ಣದ ಬಿಯರು ಹುಟ್ಟಿತು. ಮ್ಯೂನಿಕ್ಕಿನಲ್ಲಿ ತಿಳಿ ಬಣ್ಣದ ಹೆಲ್ಲೆಸ್ ಬಂದದ್ದು 1894ರಲ್ಲಿ, ಅರ್ಧ ಶತಮಾನ ತಡವಾಗಿ. ಪಿಎಚ್ ಎಂಬ ಅಳತೆಯೂ ಬಿಯರಿನ ಮನೆಯ ಕೂಸೇ. 1909ರಲ್ಲಿ ಸೋರೆನ್ಸನ್ ಅದನ್ನು ಮುಂದಿಟ್ಟದ್ದು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ. ಪಿಯುಸಿಯಲ್ಲಿ ಲಿಟ್ಮಸ್ ಕಾಗದ ಅದ್ದುವಾಗ ಇದನ್ನು ಯಾರೂ ಹೇಳಿರಲಿಲ್ಲ.

ನೀರನ್ನು ಸರಿಮಾಡುವ ದಾರಿಗಳು ಹಲವು. ಲ್ಯಾಕ್ಟಿಕ್ ಆಮ್ಲದ ಕೆಲವು ಹನಿ ಹಾಕಬಹುದು. 1516ರ ಶುದ್ಧತೆಯ ಕಟ್ಟಳೆಯನ್ನು ಇನ್ನೂ ನಚ್ಚುವ ಬವೇರಿಯಾದ ಬಿಯರು ಮನೆಗಳು ಬಾಟಲಿಯ ಆಮ್ಲ ಮುಟ್ಟದೆ ಹುಳಿ ಬರಿಸಿದ ಮಾಲ್ಟನ್ನು ಬೆರೆಸುತ್ತವೆ. ನೀರನ್ನು ಕುದಿಸಿದರೂ ಬೈಕಾರ್ಬನೇಟಿನ ಒಂದು ಪಾಲು ತಳಕ್ಕೆ ಕೂರುತ್ತದೆ. ಇನ್ನೊಂದು ದಾರಿ ಓದಿದಾಗ ನಾನು ಪುಸ್ತಕ ಮುಚ್ಚಿ ಕೂತೆ. ನೀರಿಗೆ ಅರಳಿಸಿದ ಸುಣ್ಣ ಹಾಕಬೇಕಂತೆ. ಸ್ಕಾಟ್ಲೆಂಡಿನ ಥಾಮಸ್ ಕ್ಲಾರ್ಕ್ ಎಂಬ ಪ್ರಾಧ್ಯಾಪಕ 1841ರಲ್ಲಿ ಇದಕ್ಕೆ ಪೇಟೆಂಟು ಪಡೆದಿದ್ದ. ಸುಣ್ಣದ ನೀರಿನಿಂದ ಸುಣ್ಣ ತೆಗೆಯಲು ಸುಣ್ಣವನ್ನೇ ಹಾಕುವುದು. ಹಾಕಿದ ಸುಣ್ಣವೂ, ನೀರಿನಲ್ಲಿ ಕರಗಿದ್ದ ಸುಣ್ಣವೂ ಕೂಡಿ ಸೀಮೆಸುಣ್ಣವಾಗಿ ಕೆಳಗೆ ಇಳಿಯುತ್ತವೆ. ಮೇಲಿನ ತಿಳಿಯನ್ನು ಮರುದಿನ ಬಸಿದುಕೊಳ್ಳಬೇಕು.

ನಾನು ಸುಣ್ಣದ ನಡುವೆ ಬೆಳೆದವಳು. ನಮ್ಮ ಕೇರಿ ಅಘನಾಶಿನಿಯ ದಂಡೆಯಲ್ಲಿ, ದಿವಗಿಯಿಂದ ಕೆಳಗೆ ಹೊಳೆ ಅಗಲವಾಗುವಲ್ಲಿ. ಸಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಒಂದೂ ಅಣೆಕಟ್ಟಿಲ್ಲದೆ ಬರುವ ಹೊಳೆ ನಮ್ಮಲ್ಲಿಗೆ ಬರುವಷ್ಟರಲ್ಲಿ ಅರ್ಧ ಸಮುದ್ರವಾಗಿರುತ್ತದೆ. ಗಜನಿಯಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ. ಇಳಿತದ ಹೊತ್ತಿಗೆ ಸೊಂಟದುದ್ದ ನೀರಿನಲ್ಲಿ ನಿಂತು ಬಳಚು ಹೆಕ್ಕುವ ಹೆಂಗಸರು. ನನ್ನ ಅಜ್ಜಿ ಅವರಲ್ಲಿ ಒಬ್ಬಳು. ಮಾಂಸ ಸಾರಿಗೆ, ಚಿಪ್ಪು ಸುಣ್ಣದ ಭಟ್ಟಿಗೆ. ಸುಟ್ಟ ಚಿಪ್ಪಿಗೆ ನೀರು ಹಾಕಿದಾಗ ಅದು ಸಿಡಿದು, ಬುಸುಗುಟ್ಟಿ, ಹಿಟ್ಟಾಗುವುದನ್ನು ನಾವು ಮಕ್ಕಳು ದೂರ ನಿಂತು ನೋಡುತ್ತಿದ್ದೆವು. ಆ ಸುಣ್ಣ ಗೋಡೆಗೆ, ಎಲೆ-ಅಡಿಕೆಗೆ, ಆಲೆಮನೆಗೆ. ಕಬ್ಬಿನ ಹಾಲಿಗೆ ತನ್ನದೇ ಹುಳಿ ಇರುತ್ತದೆ. ಕುದಿಯುವ ಕೊಪ್ಪರಿಗೆಗೆ ಸುಣ್ಣದ ತಿಳಿ ಹಾಕಿದರೆ ಹುಳಿ ತಗ್ಗುತ್ತದೆ, ಕೊಳೆ ಮೇಲೆ ಬರುತ್ತದೆ, ಬೆಲ್ಲ ಕಟ್ಟುತ್ತದೆ.

ಮತ್ತು ಕಳ್ಳಿನ ಗಡಿಗೆಗೆ. ಇದನ್ನು ನಾನು ಕಂಡವಳಲ್ಲ, ಕೇಳಿದವಳು.

ಹಾಗಾಗಿ ಒಂದು ಭಾನುವಾರ ಊರಿಗೆ ವಿಡಿಯೋ ಕರೆ ಮಾಡಿದಾಗ, ಅಮ್ಮ ಫೋನನ್ನು ಜಗಲಿಯಲ್ಲಿದ್ದ ಅಜ್ಜನ ಮುಖದೆದುರು ಹಿಡಿದಾಗ, ಕೇಳಿಬಿಟ್ಟೆ.

"ಅಜ್ಜಾ, ಕಳ್ಳಿನ ಗಡಿಗೆಗೆ ಸುಣ್ಣ ಎಷ್ಟು ಬಳೀತಿದ್ದೆ?"

ಎಂಬತ್ತನಾಲ್ಕರ ಅಜ್ಜನಿಗೆ ಕಿವಿ ಮಂದ. ಆದರೆ ಇದು ಒಂದೇ ಸಲಕ್ಕೆ ಕೇಳಿಸಿತು.

"ಎಂತಕ್ಕೆ ತಂಗೀ, ಈಗ ಸುಣ್ಣದ ಸುದ್ದಿ?" ಎಂದ. ಆಮೇಲೆ ತೋರುಬೆರಳನ್ನು ಕೊಕ್ಕೆಯಂತೆ ಬಾಗಿಸಿ ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿದ. "ಒಳಗೆ ಒಂದು ಸುತ್ತು. ಸೆಕೆ ದಿನ ಆದ್ರೆ ಎರಡು ಸುತ್ತು. ಕಡ್ಮೆ ಆದ್ರೆ ನೊರೆ ಬತ್ತದೆ, ಹೆಚ್ಚಾದ್ರೆ ಬೆಲ್ಲ ಕಪ್ಪಾತದೆ. ಅದಕ್ಕೆ ಲೆಕ್ಕ ಎಂತ ಇಲ್ಲ, ನಾಲಿಗೇಲಿ ನೋಡೂಕೆ ಬರ್ಬೇಕು."

ಇನ್ನೂ ಹೇಳುವವನಿದ್ದ. ಫೋನು ಅಲುಗಿತು, ಅಪ್ಪನ ಮುಖ ಬಂತು. "ಅಜ್ಜನ ಹತ್ರ ಆ ಸುದ್ದಿ ತೆಗೀಬೇಡ" ಎಂದ. ಊಟ ಆಯಿತಾ ಎಂದು ಕೇಳಿ ಇಟ್ಟುಬಿಟ್ಟ.

ಅಪ್ಪನ ಸಿಟ್ಟಿಗೆ ಎರಡು ಬೇರುಗಳಿವೆ. ಒಂದು, ಅವನ ಬಾಲ್ಯ. ಶಾಲೆಯಲ್ಲಿ ಹುಡುಗರು ಅವನನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ. 'ಕಳ್ಳು' ಎನ್ನುತ್ತಿದ್ದರು. ಅವನು ಹತ್ತಿರ ಬಂದರೆ ಮೂಗು ಮುಚ್ಚಿಕೊಳ್ಳುವ ಆಟವೊಂದಿತ್ತು. ಓದಿ, ಬಿ.ಎಡ್. ಮಾಡಿ, ಪ್ರೌಢಶಾಲೆಯಲ್ಲಿ ಗಣಿತ-ವಿಜ್ಞಾನದ ಮೇಷ್ಟ್ರಾದ. ಮೊದಲ ಸಂಬಳದಲ್ಲಿ ಅಜ್ಜನಿಗೆ ಪಂಚೆ ತಂದು, ಇನ್ನು ಮರ ಹತ್ತಬೇಡ ಎಂದನಂತೆ. ಅಜ್ಜ ಹತ್ತಲಿಲ್ಲ.

ಎರಡನೆಯದು ಚಿಕ್ಕಪ್ಪ. ಅವನು ಕುಡಿದದ್ದು ಕಳ್ಳಲ್ಲ, ಪ್ಯಾಕೆಟಿನ ಸಾರಾಯಿ. ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ಕ್ಕೆ. ಚಿಕ್ಕಪ್ಪ ಹೋದದ್ದು ಅದಕ್ಕೆ ಎರಡು ವರ್ಷ ಮೊದಲು. ನನಗೆ ಆಗ ಎಂಟು. ಹಳದಿಯಾಗಿದ್ದ ಅವನ ಕಣ್ಣು ನೆನಪಿದೆ. ಚಿಕ್ಕಮ್ಮ ಅಂದಿನಿಂದ ಬಳಚು ಹೆಕ್ಕಿ ಇಬ್ಬರು ಮಕ್ಕಳನ್ನು ಓದಿಸಿದಳು. ಅಬ್ಕಾರಿಯ ಇತಿಹಾಸದಲ್ಲಿ ವಸಾಹತು ಸರ್ಕಾರವನ್ನು ದೂರುವುದು ನನಗೆ ಸುಲಭ. ಮರದ ತೆರಿಗೆ ಹೇಗೆ ಬಡವರ ಕೈ ಕಟ್ಟಿತು ಎಂದು ಇಪ್ಪತ್ತು ಪುಟ ಬರೆಯಬಲ್ಲೆ. ಚಿಕ್ಕಮ್ಮನ ಎದುರು ಕೂತು ಆ ಪುಟಗಳನ್ನು ಓದಲಾರೆ.

ಅಪ್ಪನ ಮಾತಿನ ಮೇಲೆ ಅಜ್ಜನನ್ನು ಮತ್ತೆ ಕೇಳಲಿಲ್ಲ. ನಾನೇ ಲೆಕ್ಕ ಹಾಕಿದೆ. ಬೈಕಾರ್ಬನೇಟಿನ ಅಣುತೂಕ 61. 300 ಮಿಲಿಗ್ರಾಂ ಅಂದರೆ ಲೀಟರಿಗೆ ಸುಮಾರು 4.9 ಮಿಲಿಮೋಲ್. ಸುಣ್ಣದ್ದು 74. ಗುಣಿಸಿ, 20 ಲೀಟರಿಗೆ ಏಳು ಗ್ರಾಂ ಚಿಲ್ಲರೆ ಎಂದು ಬರೆದುಕೊಂಡೆ. ಆಹಾರಕ್ಕೆ ಬಳಸುವ ದರ್ಜೆಯ ಸುಣ್ಣ ತಂದು ಕದಡಿದೆ. ನೀರು ಹಾಲಾಯಿತು. ಬೆಳಿಗ್ಗೆ ತಳದಲ್ಲಿ ಬೆರಳ ದಪ್ಪ ಬಿಳಿ ಗಸಿ, ಮೇಲೆ ಸ್ಫಟಿಕದಂಥ ತಿಳಿ. ಗೆದ್ದೆ ಎಂದುಕೊಂಡು ಮ್ಯಾಶ್ ಮಾಡಿದೆ. ಮೀಟರು ಅದ್ದಿದರೆ 6.0. ಮೊದಲ ಸಲ 5.9 ಇತ್ತು. ಇಷ್ಟು ಸುಣ್ಣ ಕೆಳಗೆ ಕೂತರೂ ಹುಳಿ ಕೂದಲೆಳೆಯಷ್ಟೂ ಹೆಚ್ಚಲಿಲ್ಲ. ಮೀಟರನ್ನು ಪಿಎಚ್ 4 ಮತ್ತು 7ರ ದ್ರಾವಣಗಳಲ್ಲಿ ಮತ್ತೆ ಸರಿಮಾಡಿ ನೋಡಿದೆ. ಅಂಕಿ ಬದಲಾಗಲಿಲ್ಲ. ಆ ಸಲದ ಬಿಯರನ್ನು ಬಾಟಲಿಗೂ ತುಂಬದೆ ಚೆಲ್ಲಿದೆ.

ಜನವರಿಯಲ್ಲಿ ಊರಿಗೆ ಹೋದೆ. ಕಡತದ ಕೆಲಸವಿತ್ತು, ಅಜ್ಜನನ್ನು ನೋಡುವುದಿತ್ತು. ಹೋದ ಮೂರನೆಯ ದಿನ ಅಪ್ಪ ಬಾವಿಕಟ್ಟೆಯ ಹತ್ತಿರ ಬಾಳೆಗೆ ನೀರು ಬಿಡುತ್ತಿದ್ದಾಗ ಹೇಳಿದೆ. ಅಲ್ಲಿ ಬಿಯರು ಮಾಡಿದೆ, ಎರಡು ಸಲ, ಎರಡೂ ಕೆಟ್ಟವು ಎಂದೆ. ಅಡಗಿಸಿಟ್ಟುಕೊಂಡು ಅಜ್ಜನ ಕೆಲಸದ ಬಗ್ಗೆ ಪ್ರಬಂಧ ಬರೆಯುವುದು ನನಗೆ ಆಗುತ್ತಿರಲಿಲ್ಲ.

ಅಪ್ಪ ಪಂಪು ನಿಲ್ಲಿಸಿದ. "ಕುಡೀತೀಯಾ?"

"ರುಚಿ ನೋಡ್ತೆ. ಒಂದೊಂದು ಸಲ ಒಂದು ಲೋಟ."

"ನಿನ್ನ ಚಿಕ್ಕಪ್ಪನೂ ಒಂದೇ ಲೋಟ ಅಂತಿದ್ದ."

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ನಾನು ಚಿಕ್ಕಪ್ಪನಲ್ಲ ಎಂದು ಹೇಳಬಹುದಿತ್ತು. ಚಿಕ್ಕಪ್ಪನೂ ಇಪ್ಪತ್ತೆಂಟರಲ್ಲಿ ತಾನು ಯಾರೂ ಅಲ್ಲ, ತಾನೇ ಎಂದುಕೊಂಡಿದ್ದಿರಬೇಕು. ಸುಮ್ಮನಿದ್ದೆ. ಅಪ್ಪ ಪೈಪು ಸುತ್ತಿಟ್ಟು ಒಳಗೆ ಹೋಗುವಾಗ ಕೇಳಿದ, "ಕೆಟ್ಟದ್ದು ಎಂತಕ್ಕೆ?"

ನೀರಿನ ಕಥೆ ಹೇಳಿದೆ. ನಮ್ಮ ಬಾವಿಯ ನೀರು ಜಂಬಿಟ್ಟಿಗೆಯೊಳಗಿಂದ ಬಂದದ್ದು. ಅದರಲ್ಲಿ ಸುಣ್ಣ ಇಲ್ಲವೆನ್ನುವಷ್ಟು ಕಡಿಮೆ, ಬೇಳೆ ಬೇಗ ಬೇಯುತ್ತದೆ, ಸಾಬೂನು ಜಾರುತ್ತಲೇ ಇರುತ್ತದೆ. ಅಲ್ಲಿಯದು ಹಾಗಲ್ಲ ಎಂದೆ. ಸುಣ್ಣ ಹಾಕಿದರೂ ಅಂಕಿ ಇಳಿಯಲಿಲ್ಲ ಎಂದೆ. ಅಪ್ಪ ಏನೂ ಹೇಳಲಿಲ್ಲ. ರಾತ್ರಿ ನನ್ನ ನೋಟ್‌ಬುಕ್ಕು ಮೇಜಿನ ಮೇಲೆ ಇರಲಿಲ್ಲ. ಅವನ ಕೋಣೆಯಲ್ಲಿ ಹನ್ನೊಂದರವರೆಗೆ ದೀಪ ಉರಿಯುತ್ತಿತ್ತು.

ಬೆಳಿಗ್ಗೆ ನೋಟ್‌ಬುಕ್ಕು ಹಳೆಯ ಜಾಗಕ್ಕೇ ಬಂದಿತ್ತು. ನನ್ನ ಲೆಕ್ಕದ ಪಕ್ಕದ ಖಾಲಿಯಲ್ಲಿ ಕೆಂಪು ಶಾಯಿಯಲ್ಲಿ ಸಮೀಕರಣ ಸರಿದೂಗಿಸಿ ಬರೆದಿದ್ದ. ಒಂದು ಸುಣ್ಣ ಎರಡು ಬೈಕಾರ್ಬನೇಟುಗಳನ್ನು ಹಿಡಿದುಕೊಂಡು ಹೋಗುತ್ತದೆ. ನಾನು ಒಂದಕ್ಕೆ ಒಂದು ಎಂದು ಹಿಡಿದಿದ್ದೆ. ಕೆಳಗೆ ಎರಡು ಗೆರೆ ಎಳೆದು, '3.65 ಗ್ರಾಂ. ಅರ್ಧ ಸಾಕು' ಎಂದು ಬರೆದಿದ್ದ. ಹತ್ತನೆಯ ತರಗತಿಯ ನನ್ನ ಉತ್ತರಪತ್ರಿಕೆಗಳ ಮೇಲೆ ಇರುತ್ತಿದ್ದ ಅದೇ ಅಕ್ಷರ.

ಚಹಾ ಕುಡಿಯುವಾಗ ಅವನೇ ಬಾಯಿಬಿಟ್ಟ. "ನೀ ಹಾಕಿದ್ದರಲ್ಲಿ ಅರ್ಧ, ನೀರಿನ ಸುಣ್ಣ ತೆಗೀತು. ಉಳಿದ ಅರ್ಧ ನೀರಲ್ಲೇ ಉಳೀತು. ಮೊದಲು ಎಷ್ಟು ಕ್ಷಾರ ಇತ್ತೋ ಅಷ್ಟೇ ಕ್ಷಾರ ಮತ್ತೆ ಬಂತು. ಗಸಿ ಕಂಡು ಮೋಸ ಹೋದೆ." ಕೂಡಿ ಕಳೆದು ನೋಡಿದೆ, ನಿಜ. ಎರಡು ಪಟ್ಟು ಸುಣ್ಣ ಹಾಕಿದರೆ ನೀರು ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಅಜ್ಜನ 'ಹೆಚ್ಚಾದ್ರೆ ಬೆಲ್ಲ ಕಪ್ಪಾತದೆ'ಯನ್ನು ನಾನು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ.

ಆ ಮಧ್ಯಾಹ್ನ ಅಪ್ಪ ಏಣಿ ಹಾಕಿ ಅಟ್ಟ ಹತ್ತಿ ಒಂದು ಮಣ್ಣಿನ ಗಡಿಗೆ ಇಳಿಸಿದ. ಎಲ್ಲವನ್ನೂ ಒಡೆದು ಹಾಕಿದ್ದಾನೆ ಎಂದೇ ನಾವು ತಿಳಿದಿದ್ದೆವು. ಒಂದನ್ನು ಉಳಿಸಿಕೊಂಡಿದ್ದ. ಯಾಕೆ ಎಂದು ನಾನು ಕೇಳಲಿಲ್ಲ. ಒಳಗೆ ಬಿಳಿ ಪೊರೆ ಹಾಗೇ ಇತ್ತು. ಅದರ ಮೇಲೆ ಲಿಂಬೆ ಹಿಂಡಿದ. ಸಣ್ಣಗೆ ಗುಳ್ಳೆ ಎದ್ದಿತು. "ಈಗ ಇದು ಸುಣ್ಣ ಅಲ್ಲ. ಗಾಳಿ ಕುಡ್ದು ಕುಡ್ದು ತಿರ್ಗಿ ಚಿಪ್ಪಾಗದೆ" ಎಂದ. ಹೊಳೆಯ ಚಿಪ್ಪು ಸುಟ್ಟರೆ ಸುಣ್ಣ, ಸುಣ್ಣ ಗಾಳಿಗೆ ಬಿದ್ದರೆ ಮತ್ತೆ ಚಿಪ್ಪಿನ ವಸ್ತು. ಮೇಷ್ಟ್ರ ದನಿ ಬಂದಿತ್ತು ಅವನಿಗೆ.

ಅಜ್ಜ ಗಡಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಆ ದಿನ ಅಪ್ಪ ತಡೆಯಲಿಲ್ಲ, ಜಗಲಿಯ ಇನ್ನೊಂದು ತುದಿಯಲ್ಲಿ ಪೇಪರು ಹಿಡಿದು ಕೂತಿದ್ದ. ಅಜ್ಜ ಹೇಳಿದ್ದನ್ನು ನಾನು ಬರೆದುಕೊಂಡೆ. ತೆಂಗಿನದು, ಬೈನೆಯದು ಬೇರೆ ಬೇರೆ. ಹೊಂಬಾಳೆ ಬಿಚ್ಚುವ ಮೊದಲೇ ಕಟ್ಟಬೇಕು. ದಿನಾ ಮೆತ್ತಗೆ ಬಡಿಯಬೇಕು. ಗಟ್ಟಿಯಾಗಿ ಬಡಿದರೆ ಸಾಯುತ್ತದೆ, ಬಡಿಯದಿದ್ದರೆ ಇಳಿಯುವುದಿಲ್ಲ. ಹೊತ್ತಿಗೆ ಸರಿಯಾಗಿ ತುದಿಯನ್ನು ತೆಳ್ಳಗೆ ಕೆತ್ತಬೇಕು. ಇಳಿದ ರಸ ಸಕ್ಕರೆಯಂತೆ ಸಿಹಿ. ಆದರೆ ಗಡಿಗೆಗೆ ಬಿದ್ದ ಗಳಿಗೆಯಿಂದಲೇ ಹುದುಗು ಶುರು. ಬೆಳಗಿನದು ಸಂಜೆಗೆ ಕಳ್ಳು, ನಾಳೆಗೆ ಹುಳಿ. ಗಡಿಗೆಯೊಳಗೆ ಸುಣ್ಣ ಇದ್ದರೆ ಹುದುಗು ತಡೆಯುತ್ತದೆ, ರಸ ನೀರಾ ಆಗಿಯೇ ಉಳಿದು ಬೆಲ್ಲಕ್ಕೆ ಬರುತ್ತದೆ.

ನನ್ನ ಕಡತಗಳಿಗೆ ಜೀವ ಬಂದದ್ದು ಮುಂದಿನ ಮಾತಿನಿಂದ. 1949ರಲ್ಲಿ ಮುಂಬಯಿ ರಾಜ್ಯ ಪಾನನಿರೋಧ ಕಾಯಿದೆ ತಂದಿತು. ಉತ್ತರ ಕನ್ನಡ 1956ರ ನವೆಂಬರ್‌ವರೆಗೆ ಆ ರಾಜ್ಯದಲ್ಲೇ ಇತ್ತು. ಕಳ್ಳು ಅಪರಾಧವಾಯಿತು. ನೀರಾಕ್ಕೆ ಮಾತ್ರ ಪರವಾನಗಿಯ ದಾರಿ ಇತ್ತು. ಅಜ್ಜನಿಗೆ ಆಗ ಎಂಟೊಂಬತ್ತು ವರ್ಷ. ಅವನ ಅಪ್ಪ ಮರದ ಮೇಲಿರುವಾಗ ಕೆಳಗೆ ನಿಂತು ದಾರಿ ಕಾಯುವುದು ಅವನ ಕೆಲಸ. ಖಾಕಿ ಕಂಡರೆ ಹಕ್ಕಿಯಂತೆ ಕೂಗಬೇಕು. ಕೂಗಿದರೆ ಮೇಲಿನವನು ಸೊಂಟದ ಸುಣ್ಣದ ಡಬ್ಬಿಯಿಂದ ಬೆರಳಲ್ಲಿ ತೆಗೆದು ಗಡಿಗೆಯೊಳಗೆ ಒಂದು ಸುತ್ತು ಬಳಿಯುತ್ತಿದ್ದ. ಬೆರಳಿನ ಒಂದು ಸುತ್ತಿಗೆ ಒಬ್ಬ ಮನುಷ್ಯ ಅಪರಾಧಿಯೋ ಅಲ್ಲವೋ ಎಂಬುದು ತೀರ್ಮಾನವಾಗುತ್ತಿತ್ತು. ಇದನ್ನು ಹೇಳಿ ಅಜ್ಜ ನಕ್ಕ. ಒಂದು ಸಲ ಕೂಗುವುದು ತಡವಾಯಿತಂತೆ. ಆಮೇಲೆ ನಗಲಿಲ್ಲ. ಅಪ್ಪ ಪೇಪರಿನ ಪುಟ ತಿರುಗಿಸದೆ ಬಹಳ ಹೊತ್ತಾಗಿತ್ತು. ಈ ಕಥೆ ಅವನಿಗೂ ಹೊಸದು ಎಂದು ನನಗೆ ಅನ್ನಿಸಿತು.

ಅಲ್ಲಿಂದ ಹೊರಡುವ ಮೊದಲು ಸಾಣಿಕಟ್ಟೆಗೆ ಹೋಗಿದ್ದೆ. ಅಲ್ಲಿ ಹೊಳೆಯ ಉಪ್ಪುನೀರು ಪಾತಿಯಿಂದ ಪಾತಿಗೆ ಹರಿದು ಉಪ್ಪಾಗುತ್ತದೆ. ನೀರು ಆವಿಯಾಗುತ್ತಾ ಹೋದಂತೆ ಮೊದಲು ಸುಣ್ಣ, ಆಮೇಲೆ ಜಿಪ್ಸಮ್, ಅದರ ನಂತರ ಉಪ್ಪು ಹರಳುಗಟ್ಟುತ್ತದೆ ಎಂದು ರಸಾಯನಶಾಸ್ತ್ರ ಹೇಳುತ್ತದೆ. ಸುಣ್ಣ ತೆಗೆದ ನೀರಿಗೆ ಕ್ಯಾಲ್ಸಿಯಂ ಕಡಿಮೆಯಾದರೆ ಒಂದು ಚಿಟಿಕೆ ಜಿಪ್ಸಮ್ ಹಾಕಿ ಎನ್ನುತ್ತದೆ ಬಿಯರಿನ ಪುಸ್ತಕ. ನಾನು ಅಲ್ಲಿ ಸಣ್ಣ ಪೊಟ್ಟಣಕ್ಕೆ ದುಡ್ಡು ಕೊಟ್ಟು ತರುವ ವಸ್ತು ನಮ್ಮ ಹೊಳೆಯ ಬಾಯಲ್ಲಿ ಬಿಸಿಲಿಗೆ ಹುಟ್ಟುತ್ತದೆ. ಪಾತಿಯ ಬದುವಿನ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದ ಹೆಂಗಸರಿಗೆ ಇದನ್ನು ಹೇಳಬೇಕೆನ್ನಿಸಿ, ಸುಮ್ಮನಾದೆ. ಅವರ ಕಾಲಿನ ಬಿರುಕುಗಳಿಗೆ ಅದರಿಂದ ಆಗಬೇಕಾದ್ದೇನೂ ಇರಲಿಲ್ಲ.

ಮಾರ್ಚಿನಲ್ಲಿ ಮೂರನೆಯ ಸಲ ಮಾಡಿದೆ. ಇಪ್ಪತ್ತು ಲೀಟರು ನೀರು, 3.65 ಗ್ರಾಂ ಸುಣ್ಣ. ರಾತ್ರಿಯಿಡೀ ಬಿಟ್ಟು, ತಿಳಿಯನ್ನು ಕದಡದಂತೆ ಬಸಿದು, ಒಂದು ಚಿಟಿಕೆ ಜಿಪ್ಸಮ್ ಹಾಕಿ, ನುಚ್ಚು ಸುರಿದು, ಹತ್ತು ನಿಮಿಷ ಕಳೆದು ಒಂದು ಚಮಚ ತೆಗೆದು ಆರಿಸಿ ಮೀಟರು ಅದ್ದಿದೆ. 5.4.

ಬಿಯರು ಚೆನ್ನಾಗಿತ್ತು. ಒಗರಿರಲಿಲ್ಲ. ಗೆಳೆಯರು ಕುಡಿದರು, ನಾನೂ ಒಂದು ಲೋಟ ಕುಡಿದೆ. ಲೋಟ ತೊಳೆದಿಡುವಾಗ ಚಿಕ್ಕಪ್ಪ ನೆನಪಾದ. ಮುಂದೆಯೂ ನೆನಪಾಗಲಿ ಎಂದುಕೊಂಡೆ. ಹಂಡೆಯನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ, ನಾಲ್ಕನೆಯ ಸಲ ಮಾಡಿಯೂ ಇಲ್ಲ. ಪ್ರಬಂಧದ ಮೂರನೆಯ ಅಧ್ಯಾಯವನ್ನು ಮೊದಲಿನಿಂದ ಬರೆಯುತ್ತಿದ್ದೇನೆ. ಅದು ಈಗ ಬೆರಳಿನ ಒಂದು ಸುತ್ತಿನಿಂದ ಶುರುವಾಗುತ್ತದೆ.

ಭಾನುವಾರ ಕರೆ ಮಾಡಿದಾಗ ಅಪ್ಪನೇ ಫೋನು ಎತ್ತಿದ. ರುಚಿ ಹೇಗಿತ್ತು ಎಂದು ಕೇಳಲಿಲ್ಲ, ಕೇಳುವುದೂ ಇಲ್ಲ. "ಅಂಕಿ ಎಷ್ಟು ಬಂತು?" ಎಂದ.

"5.4."

"ಹ್ಞೂಂ" ಎಂದು ಫೋನನ್ನು ಅಜ್ಜನ ಕೈಗೆ ಕೊಟ್ಟ. ನಾನು ಅಲ್ಲಿ ಮಾಡುತ್ತಿರುವುದು ಬೆಲ್ಲ ಎಂದೇ ಅಜ್ಜ ತಿಳಿದಿದ್ದಾನೆ. ತೋರುಬೆರಳು ಬಾಗಿಸಿ ಪರದೆಯ ಹತ್ತಿರ ತಂದ.

"ಸೆಕೆ ದಿನ ಬತ್ತಾ ಅದೆ ತಂಗೀ. ಎರಡು ಸುತ್ತು. ಮರೀಬೇಡ."